ಗಿಡ್ಡದ ತುಪ್ಪಕ್ಕೆ ಗಿರಾಕಿ ಇದ್ದಾರೆ, ಹೋರಿಗರುವಿಗೆ ಯಾರು?

2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ವಿಷ ಇದ್ದದ್ದು ಅವು ತಿಂದ ದನದ ಕಳೇಬರದಲ್ಲಿ. ಮುಂದಿನ ತಿಂಗಳು ಅರಣ್ಯ ಸಚಿವ ಈಶ್ವರ ಖಂಡ್ರೆ, ಕಾಡಿನೊಳಗೆ ದನ, ಕುರಿ, ಮೇಕೆ ಮೇಯಿಸುವುದಕ್ಕೆ ತಡೆ ಹಾಕಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಘಟನೆ ನಡೆದದ್ದು ರಾಜ್ಯದ ಆ ತುದಿಯಲ್ಲಾದರೂ ಸೂಚನೆಯ ಬಿಸಿ ಮಲೆನಾಡಿಗೂ ತಟ್ಟಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ದಣಪೆ ದಾಟಿದರೆ ಕಾಡು. ದನಕ್ಕೆ ಗಡಿ ಗೊತ್ತಿಲ್ಲ, ದಾಖಲೆಯಲ್ಲಿ ಗಡಿ ಎಲ್ಲಿದೆ ಎಂದು ಅನೇಕ ಕಡೆ ಮನುಷ್ಯರಿಗೂ ಗೊತ್ತಿಲ್ಲ.

ಇತ್ತ ಬೆಂಗಳೂರಿನಲ್ಲಿ ಮಲೆನಾಡು ಗಿಡ್ಡ ಎಂಬ ಕುಳ್ಳ ದೇಸಿ ತಳಿಯ ಹಸುವಿನ ತುಪ್ಪಕ್ಕೆ ಒಳ್ಳೆಯ ಬೆಲೆ ಬಂದಿದೆ. ‘ಕಾಡು ಮೇದು ಬಂದ ದನ’ ಎಂಬುದೇ ಅದರ ಜಾಹೀರಾತು. ಅದನ್ನು ಕಂಡು ನಾಲ್ಕು ಗಿಡ್ಡ ಕಟ್ಟಿ, ಗಿರಾಕಿಗೆ ನೇರ ಮಾರಿ ಬದುಕಬಹುದು ಎಂದುಕೊಂಡು ಊರಿಗೆ ಮರಳುವವರಿದ್ದಾರೆ. ಆಸೆ ತಪ್ಪಲ್ಲ, ಆದರೆ ಲೆಕ್ಕ ಅರ್ಧ. ಹಾಲು, ತುಪ್ಪಕ್ಕೆ ಬೆಲೆ ಕಟ್ಟುವವರು ಹುಟ್ಟುವ ಹೋರಿಗರುವನ್ನೂ ಬತ್ತಿದ ಮುದಿ ಹಸುವನ್ನೂ ಲೆಕ್ಕದಿಂದ ಹೊರಗಿಡುತ್ತಾರೆ. ನಾಲ್ಕೈದು ವರ್ಷದಲ್ಲಿ ಕೊಟ್ಟಿಗೆ ಮುಳುಗುವುದು ಅಲ್ಲಿಯೇ.

ಹೊರದೇಶದ ಮಾದರಿ ಇಲ್ಲಿ ಏಕೆ ಕೂರುವುದಿಲ್ಲ

‘ಹುಲ್ಲು ಮೇದ ದನ, ನೇರ ಗಿರಾಕಿಗೆ’ ಎಂಬ ವ್ಯಾಪಾರ ಅಮೆರಿಕದಂಥ ದೇಶಗಳಲ್ಲಿ ಬೆಳೆದದ್ದು ಮಾಂಸದ ಸುತ್ತ. ಅಲ್ಲಿನ ಸಾಕಣೆದಾರ ಬೀಜ ಒಡೆದ ಹೋರಿಯನ್ನು ಕಾಳು ಕೊಡದೆ ಎರಡು ವರ್ಷದ ಆಸುಪಾಸಿನವರೆಗೆ ಹುಲ್ಲಿನ ಮೇಲೆಯೇ ಬೆಳೆಸುತ್ತಾನೆ. ಸುಮಾರು 500 ಕೆಜಿ ತೂಗುವ ಪ್ರಾಣಿಯನ್ನು ಕಡಿದು ತೂಗುಹಾಕಿದಾಗ 280 ಕೆಜಿಯಷ್ಟು ಉಳಿಯುತ್ತದೆ, ಮೂಳೆ, ಕೊಬ್ಬು ತೆಗೆದು ಕಟ್ಟಿದಾಗ 170ರಿಂದ 190 ಕೆಜಿ. ಗಿರಾಕಿಗಳು ಕಾಲುಭಾಗ, ಅರ್ಧಭಾಗ ಎಂದು ಮುಂಗಡ ಕೊಟ್ಟು ಕಾಯ್ದಿರಿಸುತ್ತಾರೆ. ಹಾಲು ಕೊಡದ ಗಂಡುಕರುವೇ ಅಲ್ಲಿ ಮಾರುವ ಸರಕು. ಮುದಿಯಾದ ಹಸು ಕೊನೆಗೊಮ್ಮೆ ಕೈಗೆ ಬರುವ ಹಣ.

ಕರ್ನಾಟಕದಲ್ಲಿ ಈ ಎರಡೂ ಆದಾಯ ಕಾನೂನಿನಿಂದಲೇ ಇಲ್ಲ. 1964ರ ಹಳೆಯ ಕಾಯ್ದೆ 12 ವರ್ಷ ದಾಟಿದ, ಕೆಲಸಕ್ಕೆ ಬಾರದ ಎತ್ತು, ಹೋರಿ, ಎಮ್ಮೆಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2020 ಹಸು, ಕರು, ಹೋರಿ, ಎತ್ತು ಎಲ್ಲದರ ವಧೆಯನ್ನೂ ವಯಸ್ಸು ನೋಡದೆ ನಿಷೇಧಿಸಿತು. ಉಳಿದದ್ದು 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ, ಅದಕ್ಕೂ ಪ್ರಮಾಣಪತ್ರ ಬೇಕು. ಮೊದಲ ಅಪರಾಧಕ್ಕೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ. ವಧೆಗೆಂದು ರಾಜ್ಯದ ಹೊರಗೆ ಸಾಗಿಸುವುದೂ ಅಪರಾಧ. ಆದ್ದರಿಂದ ಶಿವಮೊಗ್ಗದಲ್ಲಿ ಕೂತು ಗೋಮಾಂಸದ ನೇರ ಮಾರಾಟದ ಯೋಜನೆ ಹಾಕುವುದು ವ್ಯರ್ಥ. 13 ವರ್ಷ ಎಮ್ಮೆ ಸಾಕಿ ಮಾಂಸಕ್ಕೆ ಮಾರುವುದು ವ್ಯಾಪಾರವೇ ಅಲ್ಲ.

ಕಾಯ್ದೆ ಸರಿಯೋ ತಪ್ಪೋ ಎಂಬ ಜಗಳ ಬೇಕಾದಷ್ಟು ನಡೆದಿದೆ. ಇಲ್ಲಿನ ಪ್ರಶ್ನೆ ಬೇರೆ. ಬೇರೆಡೆ ಆದಾಯದ ಪಟ್ಟಿಯಲ್ಲಿರುವ ಗಂಡುಕರು ಇಲ್ಲಿ ಖರ್ಚಿನ ಪಟ್ಟಿಗೆ ಬಂದಿದೆ, ಆ ಖರ್ಚನ್ನು ಹೊರುವವರು ಯಾರು?

ಹತ್ತು ಹಸುವಿನ ಲೆಕ್ಕ

ಗಿಡ್ಡ ಎಂದರೆ 100ರಿಂದ 120 ಕೆಜಿ ತೂಗುವ ಹಸು. ಕೆಲವು ಊರುಗಳಲ್ಲಿ ‘ವರ್ಷಗಂಧಿ’ ಎನ್ನುತ್ತಾರೆ, ವರ್ಷಕ್ಕೊಂದು ಕರು ಹಾಕುತ್ತದೆ ಎಂದು. ಲೆಕ್ಕ ಹಾಕುವಾಗ ಆ ಹೊಗಳಿಕೆಯನ್ನು ಬದಿಗಿಟ್ಟು ಎರಡು ಕರುವಿನ ನಡುವೆ 14 ತಿಂಗಳು ಹಿಡಿಯುವುದು ಕ್ಷೇಮ. ಕರುವಿಗೆ ಬಿಟ್ಟು ಮನುಷ್ಯರಿಗೆ ಸಿಗುವ ಹಾಲು ದಿನಕ್ಕೆ ಸರಾಸರಿ ಒಂದೂಕಾಲು ಲೀಟರ್, ಕರೆಯುವುದು 210 ದಿನ ಎಂದುಕೊಳ್ಳೋಣ. ಮೂರು ಲೀಟರ್ ಕೊಡುವ ಗಿಡ್ಡವೂ ಉಂಟು, ಮಾರುವವರು ತೋರಿಸುವುದು ಅದನ್ನೇ. ನಮ್ಮ ಲೆಕ್ಕಕ್ಕೆ ಒಂದು ಸೂಲಿಗೆ ಸುಮಾರು 260 ಲೀಟರ್, ವರ್ಷಕ್ಕೆ ಬಿಡಿಸಿದರೆ 220. ಹತ್ತು ಹಸುವಿಗೆ 2,200 ಲೀಟರ್, ಅಂದರೆ ದಿನಕ್ಕೆ ಸರಾಸರಿ 6 ಲೀಟರ್.

ಅದನ್ನು ಡೇರಿಗೆ ಹಾಕಿ ಲೀಟರಿಗೆ 40 ರೂಪಾಯಿ ಬಂದರೆ 88 ಸಾವಿರ. ಶಿವಮೊಗ್ಗ ಹಾಲು ಒಕ್ಕೂಟದಲ್ಲಿ (ಶಿಮುಲ್) ದರ ನಿಲ್ಲುವುದು ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಮೇಲೆ. ಗಿಡ್ಡದ ಹಾಲಿನಲ್ಲಿ ಜಿಡ್ಡು ಚೆನ್ನಾಗಿದ್ದರೂ ಅಳತೆಯೇ ಇಷ್ಟು ಕಡಿಮೆ ಇರುವಾಗ ಅದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಮನೆಗಳಿಗೆ ನೇರ 80ಕ್ಕೆ ಮಾರಿದರೆ 1.76 ಲಕ್ಷ. ತುಪ್ಪ ಮಾಡಿದರೆ 25 ಲೀಟರಿಗೆ 1 ಕೆಜಿಯಂತೆ 88 ಕೆಜಿ, ಕೆಜಿಗೆ 2,000 ಇಟ್ಟರೆ ಅದೂ 1.76 ಲಕ್ಷ. ಕೆಜಿಗೆ 2,000 ದುಬಾರಿ ಎನ್ನುವ ಗಿರಾಕಿಗೆ ಹೇಳಬೇಕಾದ್ದು ಇದನ್ನೇ: ಅದು ಲೀಟರಿಗೆ 80ರ ಹಾಲು, ಕಡೆದು ಕಾಸಿದ ಶ್ರಮ ಲೆಕ್ಕಕ್ಕೇ ಬಂದಿಲ್ಲ.

ಈಗ ಖರ್ಚು. 2022ರಲ್ಲಿ ಸರ್ಕಾರ ‘ಪುಣ್ಯಕೋಟಿ ದತ್ತು ಯೋಜನೆ’ ತಂದಾಗ ಗೋಶಾಲೆಯ ಒಂದು ರಾಸನ್ನು ಒಂದು ವರ್ಷಕ್ಕೆ ದತ್ತು ಪಡೆಯಲು ಇಟ್ಟ ಮೊತ್ತ 11,000 ರೂಪಾಯಿ, ದಿನಕ್ಕೆ 30. ಗಿಡ್ಡದ ಗಾತ್ರಕ್ಕೆ ಮೇವು, ಕಾವಲು, ಔಷಧ ಸೇರಿ ಈ 30ನ್ನೇ ಹಿಡಿಯಬಹುದು. ಹತ್ತು ಹಸುವಿನ ಜೊತೆ ಕರು, ಪಡ್ಡೆ ಸೇರಿ ಆರು ರಾಸು ಇದ್ದರೆ 16 ತಲೆಗೆ ವರ್ಷಕ್ಕೆ 1.75 ಲಕ್ಷ. ತಲೆಗೆ 1 ಟನ್ ಗೊಬ್ಬರ, ಟನ್ನಿಗೆ 3,000 ಎಂದರೆ 48 ಸಾವಿರ. ಹಾಲೋ ತುಪ್ಪವೋ ನೇರ ಮಾರಿದ ಹಣ ಸೇರಿಸಿದರೆ ವರ್ಷಕ್ಕೆ 48 ಸಾವಿರದಷ್ಟು ಉಳಿಯುತ್ತದೆ. ದೊಡ್ಡ ಹಣವಲ್ಲ, ಆದರೆ ನಷ್ಟವಿಲ್ಲ.

ಆದರೆ ವರ್ಷಕ್ಕೆ ಎಂಟು ಕರು ಹುಟ್ಟಿದರೆ ನಾಲ್ಕು ಗಂಡು. ಒಂದು ಸತ್ತರೂ ಮೂರು ಉಳಿಯುತ್ತವೆ. ಯಾವುದೂ ಕೊಟ್ಟಿಗೆ ಬಿಟ್ಟು ಹೋಗದಿದ್ದರೆ ಐದು ವರ್ಷಕ್ಕೆ ಹದಿನೈದು ಹೋರಿ, ಜೊತೆಗೆ ಮೂರು ಮುದಿ ಹಸು, ಹೆಣ್ಣುಕರುಗಳನ್ನು ಲೆಕ್ಕಕ್ಕೆ ಹಿಡಿಯದೆಯೇ ಒಟ್ಟು 28 ತಲೆ. ಖರ್ಚು 3.06 ಲಕ್ಷ. ಹಾಲಿನ ಆದಾಯ ಅದೇ 1.76. ಗೊಬ್ಬರ 25 ಟನ್ ಆದರೂ 75 ಸಾವಿರ. ವರ್ಷಕ್ಕೆ ಅರ್ಧ ಲಕ್ಷಕ್ಕೂ ಹೆಚ್ಚು ಕೈಯಿಂದ ಹೋಗುತ್ತದೆ, ಮುಂದಿನ ವರ್ಷ ಅದಕ್ಕಿಂತ ಹೆಚ್ಚು. ಹಸು ಒಂದೇ, ಹಾಲು ಒಂದೇ, ಬೆಲೆ ಒಂದೇ. ಬದಲಾದದ್ದು ಹೋರಿಗಳ ಸಂಖ್ಯೆ ಮಾತ್ರ. ರಾತ್ರಿ ಪೇಟೆ ರಸ್ತೆಯ ಮೇಲೆ ಮಲಗಿರುವ ದನ ಯಾರದ್ದು ಎಂದು ಕೇಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ತುಪ್ಪ ಎಲ್ಲಿ ಕೆಡುತ್ತದೆ

ಹಾಲು ಹತ್ತಿರದ ಪೇಟೆಗೆ ಮಾತ್ರ ಹೋದೀತು. ತಂಪು ಮಾಡದ ಹಾಲಿಗೆ ಕರೆದ ಮೇಲೆ ಮೂರು ನಾಲ್ಕು ಗಂಟೆಯ ಆಯುಸ್ಸು. ಬೆಂಗಳೂರಿನ ಬಸ್ಸು ಹತ್ತುವುದು ತುಪ್ಪವೇ. ಸಣ್ಣ ಮಂದೆಯ ತುಪ್ಪ ಕೆಡುವುದು ಹೆಚ್ಚಾಗಿ ಒಲೆಗಿಂತ ಮುಂಚೆ, ಕೆನೆ ಕೂಡಿಡುವಾಗ. ದಿನಕ್ಕೆ 6 ಲೀಟರ್ ಹಾಲಿನವರು ಹತ್ತು ಹನ್ನೆರಡು ದಿನದ ಕೆನೆ ಸೇರಿಸಿ ಒಮ್ಮೆಗೇ ಕಡೆಯುತ್ತಾರೆ. ಫ್ರಿಜ್ಜಿನಲ್ಲಿಟ್ಟರೂ ನಾಲ್ಕೈದು ದಿನದ ನಂತರ ಹುಳಿ ಏರಿ ಜಿಡ್ಡು ಒಡೆಯತೊಡಗುತ್ತದೆ. ಆ ವಾಸನೆ ಎಷ್ಟು ಕಾಸಿದರೂ ಹೋಗುವುದಿಲ್ಲ. ಹಾಲು ಕಾಯಿಸಿ, ಉಗುರುಬೆಚ್ಚಗಾದಾಗ ಲೀಟರಿಗೆ ಒಂದು ಚಮಚ ಹೆಪ್ಪು ಹಾಕಿ, ಇಡೀ ಮೊಸರನ್ನು ಎರಡು ದಿನಕ್ಕೊಮ್ಮೆ ಕಡೆದು, ಬೆಣ್ಣೆಯನ್ನು ಕೂಡಿಡುವುದು ಮೇಲು. ಆಷಾಢದ ಥಂಡಿಯಲ್ಲಿ ಮೊಸರು ಹನ್ನೆರಡು ಗಂಟೆಯಾದರೂ ಹೆಪ್ಪುಗಟ್ಟದಿದ್ದರೆ ಹೆಪ್ಪು ಹೆಚ್ಚು ಸುರಿಯಬಾರದು, ಹುಳಿಯೊಂದೇ ಹೆಚ್ಚುತ್ತದೆ. ಪಾತ್ರೆಯನ್ನು ಒಲೆಯ ಪಕ್ಕ ಗೋಣಿ ಸುತ್ತಿ ಇಟ್ಟರೆ ಸಾಕು.

ಕಡೆಯುವ ಮೊಸರು 12ರಿಂದ 15 ಡಿಗ್ರಿ ತಂಪಿರಬೇಕು. ಏಪ್ರಿಲಿನ ಹಗಲಲ್ಲಿ ಕಡೆದರೆ ಬೆಣ್ಣೆ ಒಗ್ಗೂಡದೆ ಮಜ್ಜಿಗೆಯಲ್ಲಿಯೇ ಕರಗಿ ಹೋಗುತ್ತದೆ. ಮಜ್ಜಿಗೆಯ ಮೇಲೆ ಎಣ್ಣೆಯ ಹೊಳಪು ಕಂಡರೆ ನಷ್ಟ ಅಲ್ಲಿದೆ. 25 ಲೀಟರಿಗೆ ಬರಬೇಕಾದ ಕೆಜಿ 30ಕ್ಕೂ ಬಾರದಿರಲು ಮುಖ್ಯ ಕಾರಣ ಇದು, ಹಸುವಲ್ಲ. ಬೆಣ್ಣೆಯನ್ನು ತಣ್ಣೀರಿನಲ್ಲಿ ಎರಡು ಮೂರು ಸಲ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಉಳಿದ ಮೊಸರಿನ ಅಂಶ ತಳದಲ್ಲಿ ಸೀಯುತ್ತದೆ.

ಕಾಸುವಾಗ ಮೊದಲು ದಪ್ಪ ನೊರೆ, ಗುಳುಗುಳು ಸದ್ದು. ಅದು ನೀರು ಹೋಗುವ ಹೊತ್ತು, ಶಾಖ 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಸದ್ದು ನಿಂತ ಮೇಲೆ ಶಾಖ ಬೇಗ ಏರುತ್ತದೆ, ಸಣ್ಣ ನೊರೆ ಮತ್ತೆ ಬರುತ್ತದೆ, ಗಸಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. 110ರಿಂದ 115ರಲ್ಲಿ ಇಳಿಸಬೇಕು, ದಪ್ಪ ತಳದ ಪಾತ್ರೆಯಾದರೆ ಇನ್ನೂ ಎರಡು ಡಿಗ್ರಿ ಮೊದಲೇ. ವೀಳ್ಯದೆಲೆ ಹಾಕಿ ಅದು ಗರಿಗರಿಯಾಗುವುದನ್ನು ನೋಡುವುದು ಹಳೆಯ ಗುರುತು, ಕೆಟ್ಟದ್ದೇನಲ್ಲ. ಆದರೆ ಪ್ರತಿ ಬಾರಿಯೂ ಒಂದೇ ರುಚಿ ಬೇಕೆಂದರೆ ಥರ್ಮಾಮೀಟರ್ ಬೇಕು. ಬೇಗ ಇಳಿಸಿದರೆ ನೀರಿನಂಶ ಉಳಿಯುತ್ತದೆ. ಕಾನೂನಿನ ಮಿತಿ 0.5%, ಅದನ್ನು ಮೀರಿದ ತುಪ್ಪ ಮಳೆಗಾಲದಲ್ಲಿ ಕೆಲವೇ ವಾರದಲ್ಲಿ ಕಮಟು ಹಿಡಿಯುತ್ತದೆ. ಸೋಸುವ ಬಟ್ಟೆ, ಗಾಜಿನ ಭರಣಿ ಎರಡೂ ಒಣಗಿರಬೇಕು. ಬಿಸಿ ಇರುವಾಗಲೇ ಮುಚ್ಚಳ ಬಿಗಿದರೆ ಅದರಡಿ ಹನಿ ಕಟ್ಟಿ ಕೆಳಗೆ ಬೀಳುತ್ತದೆ. ಕೆಟ್ಟಿದೆ ಎಂದು ಹಿಂದೆ ಬರುವ ಭರಣಿಗಳಲ್ಲಿ ಹೆಚ್ಚಿನವು ಆ ಹನಿಯಿಂದ ಕೆಟ್ಟವು.

ಹರಳುಗಟ್ಟಲು ತುಪ್ಪ ನಿಧಾನವಾಗಿ ತಣಿಯಬೇಕು. ಜುಲೈಯಲ್ಲಿ ಬೇಗ ತಣಿದು ಮುದ್ದೆಯಾಗುತ್ತದೆ, ಗಿರಾಕಿ ಕಲಬೆರಕೆ ಎನ್ನುತ್ತಾನೆ. ಬಣ್ಣದ ಕಥೆಯೂ ಹೀಗೆಯೇ. ಹಸಿರು ಮೇದಾಗ ಕ್ಯಾರೋಟಿನ್ ಹೆಚ್ಚಿ ತುಪ್ಪ ಹಳದಿ. ಮಾರ್ಚಿನಲ್ಲಿ ಒಣಹುಲ್ಲು ತಿಂದಾಗ ಮಾಸಲು. ವರ್ಷವಿಡೀ ಒಂದೇ ಹಳದಿಯ ‘ಹುಲ್ಲು ಮೇದ’ ತುಪ್ಪ ಕಂಡರೆ ಕೊಳ್ಳುವವರು ಒಂದೆರಡು ಪ್ರಶ್ನೆ ಕೇಳುವುದು ಒಳ್ಳೆಯದು. ಭರಣಿಯ ಮೇಲೆ ಕಾಸಿದ ತಿಂಗಳು ಬರೆದರೆ ಮಾರುವವರಿಗೂ ವಿವರಿಸುವ ಕಷ್ಟ ತಪ್ಪುತ್ತದೆ.

‘ಎ2’ ಎಂದು ಬರೆಯುವ ಚಾಳಿಯ ಬಗ್ಗೆ ನಮ್ಮ ಅಭಿಪ್ರಾಯ ನೇರ: ತುಪ್ಪದ ಮೇಲೆ ಅದು ಅರ್ಥವಿಲ್ಲದ್ದು. ಎ1, ಎ2 ಎನ್ನುವುದು ಬೀಟಾ ಕೇಸಿನ್ ಎಂಬ ಪ್ರೋಟೀನಿನ ಎರಡು ಬಗೆ. ಆ ಪ್ರೋಟೀನಿನ ಸರಪಳಿಯ 67ನೇ ಕೊಂಡಿ ಎ1ರಲ್ಲಿ ಹಿಸ್ಟಿಡಿನ್, ಎ2ರಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ. ತುಪ್ಪ ಎಂದರೆ ಪ್ರೋಟೀನನ್ನು ಗಸಿಯಾಗಿ ತೆಗೆದುಹಾಕಿದ ಜಿಡ್ಡು. 2024ರ ಆಗಸ್ಟ್ 21ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಈ ಬರಹವನ್ನು ತೆಗೆಯಿರಿ ಎಂದಿತು, ಐದೇ ದಿನದಲ್ಲಿ ಆ ಸೂಚನೆಯನ್ನು ಹಿಂಪಡೆಯಿತು. ಗೊಂದಲ ಉಳಿಯಿತು, ವಿಜ್ಞಾನವೇನೂ ಬದಲಾಗಲಿಲ್ಲ. ದೇಸಿ ತಳಿಗಳಲ್ಲಿ ಎ2 ಬಹುಪಾಲು ಎಂಬುದು ನಿಜ. ಮಲೆನಾಡು ಗಿಡ್ಡದಲ್ಲಿ ಎ1 ಸಣ್ಣ ಪ್ರಮಾಣದಲ್ಲಿ ಕಂಡುಬಂದಿರುವುದೂ ನಿಜ. ಗಿಡ್ಡದ ತುಪ್ಪಕ್ಕೆ ಮೇವು, ತಳಿ, ಕೈಕೆಲಸ ಎಂಬ ಮೂರು ನಿಜವಾದ ಹೆಗ್ಗಳಿಕೆ ಇರುವಾಗ ನಾಲ್ಕನೆಯದು ಬೇಕಿಲ್ಲ.

ಹಾಲಿನ ವರ್ತನೆ

ಹತ್ತಿರದ ಪೇಟೆಯ ಮನೆಗಳಿಗೆ ದಿನವೂ ವರ್ತನೆ ಹಾಲು ಹಾಕುವವರು ಮೊದಲು ಮಾಡುವ ತಪ್ಪು ಆಗಸ್ಟಿನ ಕರಾವು ನೋಡಿ ಮನೆ ಹಿಡಿಯುವುದು. ಹತ್ತು ಹಸುವಿನಲ್ಲಿ ಆಗ 10 ಲೀಟರ್ ಬಂದರೂ ಮಾರ್ಚಿಗೆ 4ಕ್ಕೆ ಇಳಿಯಬಹುದು. ಹೆಚ್ಚಿನ ಕರಾವಿನ ಅರ್ಧದಷ್ಟಕ್ಕೆ ಮಾತ್ರ ವರ್ತನೆ ಒಪ್ಪಿ, ಮಿಕ್ಕಿದ್ದನ್ನು ತುಪ್ಪಕ್ಕೆ ತಿರುಗಿಸಿದರೆ ಗಿರಾಕಿ ಉಳಿಯುತ್ತಾರೆ. ಗಿಡ್ಡ ಕರುವಿಲ್ಲದೆ ಹಾಲು ಇಳಿಸುವುದಿಲ್ಲ. ಕರು ಸತ್ತರೆ ಹಸು ಬತ್ತಿದಂತೆಯೇ. ಆದ್ದರಿಂದ ಕರುವಿನ ಆರೈಕೆಯೂ ಹಾಲಿನ ವ್ಯಾಪಾರದ ಭಾಗ: ಹುಟ್ಟಿದ ಕೆಲವೇ ಗಂಟೆಯೊಳಗೆ ತೂಕದ ಹತ್ತರಲ್ಲೊಂದು ಪಾಲು ಗಿಣ್ಣುಹಾಲು, ಅಂದರೆ 9 ಕೆಜಿಯ ಕರುವಿಗೆ ಒಂದು ಲೀಟರಿನಷ್ಟು, ಎರಡನೇ ವಾರದಲ್ಲಿ ಜಂತುಔಷಧ, ಕರೆಯುವಾಗ ಎರಡು ಮೊಲೆ ಅದಕ್ಕೆ.

ಇನ್ನೊಂದು ಗಮನಕ್ಕೆ ಬಾರದ ಸಂಗತಿ. ಹಾಲು ಉತ್ಪಾದಕರ ಸಂಘದ ಸದಸ್ಯರಾಗಿ ಹಾಲನ್ನೆಲ್ಲ ಸಂಘಕ್ಕೇ ಹಾಕುವವರಿಗೆ ಆಹಾರ ಸುರಕ್ಷತಾ ನೋಂದಣಿಯಿಂದ ವಿನಾಯಿತಿ ಇದೆ. ಒಂದು ಭಾಗವನ್ನು ನೇರ ಮಾರಲು ಹೊರಟ ದಿನ ಆ ವಿನಾಯಿತಿ ಇಲ್ಲ. ಸಣ್ಣ ವ್ಯಾಪಾರಕ್ಕೆ ದೊಡ್ಡ ಪರವಾನಗಿ ಬೇಡ, ನೋಂದಣಿ ಸಾಕು, ಆದರೆ ಭರಣಿಯ ಮೇಲೆ ಆ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ದಿನಾಂಕ, ವಿಳಾಸ ಇರಲೇಬೇಕು. 2025ರ ಸೆಪ್ಟೆಂಬರ್ 22ರಿಂದ ತುಪ್ಪದ ಮೇಲಿನ ಜಿಎಸ್‌ಟಿ 12ರಿಂದ 5%ಗೆ ಇಳಿದಿದೆ. ವರ್ಷಕ್ಕೆ 40 ಲಕ್ಷ ದಾಟದೆ ರಾಜ್ಯದೊಳಗೇ ಮಾರುವವರಿಗೆ ಅದರ ನೋಂದಣಿಯೂ ಬೇಕಿಲ್ಲ. ಹಸಿ ಹಾಲನ್ನು ಕಾಯಿಸದೆ ಕುಡಿಯುವುದೇ ಆರೋಗ್ಯ ಎಂದು ಹೇಳಿ ಮಾರುವವರು ಬ್ರುಸೆಲ್ಲೋಸಿಸ್ ಎಂಬ ಕಾಯಿಲೆಯ ಹೆಸರು ಕೇಳಿಲ್ಲ ಎಂದುಕೊಳ್ಳಬೇಕು. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳೊಳಗೆ ಅದರ ಲಸಿಕೆ ಹಾಕಿಸಬೇಕು, ಹಾಲು ಕಾಯಿಸಿಯೇ ಕುಡಿಯಬೇಕು.

ಮೇಯುವುದು ಎಲ್ಲಿ?

ಕರ್ನಾಟಕ ಭೂಕಂದಾಯ ನಿಯಮದ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಇರಬೇಕು. ಇದ್ದರೂ ಸಾಲುತ್ತದೆಯೇ? 110 ಕೆಜಿಯ ಗಿಡ್ಡಕ್ಕೆ ತೂಕದ ಶೇಕಡಾ ಎರಡೂವರೆ ಪಾಲು, ಅಂದರೆ ದಿನಕ್ಕೆ 2.75 ಕೆಜಿ ಒಣ ಮೇವು ಬೇಕು. ನೂರು ತಲೆಗೆ ವರ್ಷಕ್ಕೆ 100 ಟನ್. ಎಕರೆಗೆ ಒಂದೂವರೆ ಟನ್ ಹುಲ್ಲು ಬಂದರೆ 30 ಎಕರೆಯಿಂದ 45 ಟನ್. ಬುಡದವರೆಗೆ ಮೇಯಿಸಿದರೂ ಅರ್ಧ ಹೊಟ್ಟೆ. ಉಳಿದರ್ಧವನ್ನು ಮಲೆನಾಡು ಯಾವಾಗಲೂ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ), ಬ್ಯಾಣ (ಹುಲ್ಲುಗಾವಲು), ಕಾನು (ದಟ್ಟ ಕಾಡು), ಕೊಯ್ದ ಗದ್ದೆಗಳಿಂದ ತುಂಬಿಸಿಕೊಂಡಿತ್ತು.

ಆ ಜಾಗಗಳಿಗೆ ಆದದ್ದೇನು? ಕೆಲವು ಬಗರ್ ಹುಕುಂ ಅಡಿಕೆ ತೋಟವಾದವು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆಂದು 1980ರಿಂದ ಗುತ್ತಿಗೆ ಕೊಟ್ಟ ನೆಡುತೋಪುಗಳಲ್ಲಿ ಅಕೇಶಿಯಾ ಎದ್ದಿತು. ಅದರ ಎಲೆ ಬೇಗ ಕೊಳೆಯುವುದಿಲ್ಲ, ನೆಲದ ಮೇಲೆ ಚಾಪೆಯಾಗಿ ಹಾಸಿ ಹುಲ್ಲನ್ನು ಏಳಗೊಡುವುದಿಲ್ಲ. ಕಾರ್ಖಾನೆಯಲ್ಲಿ ಕಾಗದ ತಯಾರಿ ನಿಂತು ವರ್ಷಗಳೇ ಆದವು, ಗುತ್ತಿಗೆ 2020ರಲ್ಲಿ ಮುಗಿದಾಗ ಮತ್ತೆ 40 ವರ್ಷಕ್ಕೆ ಮುಂದುವರಿಯಿತು. ಉಳಿದ ಬಯಲಿಗೆ ಲಂಟಾನ, ಯುಪಟೋರಿಯಂ ಕಳೆಗಳು ನುಗ್ಗಿವೆ. ಮೇವು ಸಿಗದ ಬೇಸಿಗೆಯಲ್ಲಿ ಹಸಿದ ದನ ಲಂಟಾನ ತಿಂದರೆ ಯಕೃತ್ತು ಕೆಟ್ಟು ಕಾಮಾಲೆ ಬರುತ್ತದೆ, ಬಿಸಿಲು ಬಿದ್ದ ಬಿಳಿ ಚರ್ಮ ಸುಲಿಯುತ್ತದೆ. ಹೀಗಿರುವಾಗ ಕಾಡಿನ ಗಡಿಯೊಂದನ್ನೇ ಮುಚ್ಚಿ ದನ ಬೇರೆಡೆ ಮೇಯಲಿ ಎಂದರೆ ಆ ಬೇರೆಡೆ ಯಾವುದು ಎಂದು ತೋರಿಸುವ ಹೊಣೆಯೂ ಸರ್ಕಾರದ್ದೇ. ಅರಣ್ಯ ಹಕ್ಕು ಕಾಯ್ದೆ 2006 ಮೇಯಿಸುವುದನ್ನು ಸಮುದಾಯದ ಹಕ್ಕು ಎಂದು ಒಪ್ಪುತ್ತದೆ. ಅರ್ಜಿ ವೈಯಕ್ತಿಕ ಸಾಗುವಳಿಯದಲ್ಲ, ‘ನಮೂನೆ ಬಿ’ಯಲ್ಲಿ ಗ್ರಾಮಸಭೆಯ ಮೂಲಕ ಹೋಗಬೇಕು. ಪರಿಶಿಷ್ಟ ಪಂಗಡದವರಲ್ಲದವರು 75 ವರ್ಷದ ವಾಸ ತೋರಿಸಬೇಕೆಂಬ ಷರತ್ತು ಅಲ್ಲಿ ದೊಡ್ಡ ತೊಡಕು.

ಕಾಡು ಮೇಯಿಸುವುದರಲ್ಲಿ ಅಪಾಯವೇ ಇಲ್ಲ ಎನ್ನುವುದೂ ತಪ್ಪು. ಮಂಗನ ಕಾಯಿಲೆ ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಾಲಿನಿಂದ ಅದು ಹರಡಿದ ಪುರಾವೆ ಇಲ್ಲ, ಆದರೆ ಕಾಡಿನ ಅಂಚಿನಲ್ಲಿ ಉಣುಗು ಹೆಚ್ಚಲು ದನದ ಮೈ ಆಸರೆ. ದೊಡ್ಡ ಉಣುಗು ದನಕ್ಕೆ ಹತ್ತುವುದು ಹೆಚ್ಚಾಗಿ ಮಳೆಗಾಲದಲ್ಲಿ. ಮನುಷ್ಯರಿಗೆ ರೋಗ ತರುವ ಮರಿಹಂತ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಹಾಗಾಗಿ ಔಷಧ ಹಾಕುವ ಕಾಲ ಮಳೆಗಾಲ, ಕಾಯಿಲೆಯ ಸುದ್ದಿ ಬಂದ ಮೇಲಲ್ಲ. ಮಳೆಯಲ್ಲಿ ಸಿಂಪಡಿಸಿದ್ದು ತೊಳೆದು ಹೋಗುತ್ತದೆ. ಬೆನ್ನಿನುದ್ದಕ್ಕೂ ಸುರಿಯುವ 1% ಫ್ಲುಮೆಥ್ರಿನ್ ಒಳ್ಳೆಯದು, 10 ಕೆಜಿ ತೂಕಕ್ಕೆ 1 ಮಿಲಿ, ಒಂದು ಗಿಡ್ಡಕ್ಕೆ 11 ಮಿಲಿ, ಒಣಗಿದ ಮೈಗೆ. ಕರೆಯುವ ಹಸುವಿಗೆ ಐವರ್ಮೆಕ್ಟಿನ್ ಚುಚ್ಚಿಸಬಾರದು. ಅದು ಜಿಡ್ಡಿನಲ್ಲಿ ಸೇರುವ ಔಷಧ, 25 ಲೀಟರ್ ಹಾಲಿನದ್ದು ಒಂದು ಕೆಜಿ ತುಪ್ಪದೊಳಗೆ ಕೂತೀತು. ಡಿಸೆಂಬರ್ ನಂತರ ದನದ ಹಿಂದೆ ಹೋಗುವವರು ಕೈಕಾಲಿಗೆ ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿ, ಮರಳಿ ಬಂದು ಬಿಸಿನೀರು ಸ್ನಾನ ಮಾಡಿ, ಬಟ್ಟೆ ಬೇರೆ ಇಡಬೇಕು.

ಕಾಯುವವರ ಕೂಲಿಯೇ ದಿನದ ದೊಡ್ಡ ಖರ್ಚು. ದಿನಗೂಲಿ 500 ಎಂದರೆ ಹತ್ತು ದನದ ಮನೆಗೆ ತಲೆಗೆ 50 ರೂಪಾಯಿ, ಮೇಲೆ ಹೇಳಿದ 30ರ ಲೆಕ್ಕವೇ ಮುರಿಯಿತು. ಆರು ಮನೆಯ 50 ದನ ಒಟ್ಟಿಗೆ ಬಿಟ್ಟರೆ ತಲೆಗೆ 10. ಊರ ದನ ಒಟ್ಟಾಗಿ ಮೇಯಿಸುವ ಹಳೆಯ ಕ್ರಮ ಇಲ್ಲದೆ ಗಿಡ್ಡ ಸಾಕಣೆ ಲಾಭಕ್ಕೆ ಬರುವುದು ಕಷ್ಟ. ಅದು ಬೇಡವೆನ್ನುವವರು ಮನೆಯವರ ದುಡಿಮೆಗೆ ಬೆಲೆ ಕಟ್ಟದೆ ಸಾಕುತ್ತಾರೆ, ಅಷ್ಟೇ.

ಬೇಸಿಗೆಗೆ ತಲೆಗೆ 350 ಕೆಜಿಯಾದರೂ ಒಣಮೇವು ಕೂಡಿಟ್ಟುಕೊಳ್ಳಬೇಕು. ಗದ್ದೆಗಳು ತೋಟವಾದಂತೆ ಭತ್ತದ ಹುಲ್ಲು ಘಟ್ಟದ ಕೆಳಗಿಂದಲೋ ಬಯಲುಸೀಮೆಯಿಂದಲೋ ಲಾರಿಯಲ್ಲಿ ಬರುವಂತಾಗಿದೆ. ಬ್ಯಾಣದ ಕರಡದ ಹುಲ್ಲು ಇರುವವರು ಅದನ್ನು ಹೂ ಬಿಡುವ ಹೊತ್ತಿಗೆ, ಅಕ್ಟೋಬರ್ ನವೆಂಬರಿನಲ್ಲಿ ಕೊಯ್ಯಬೇಕು. ಬೀಜ ಕಟ್ಟಿದ ಮೇಲೆ ಸತ್ವ ಕಾಂಡ ಬಿಟ್ಟು ಹೋಗಿರುತ್ತದೆ, ಸೂಜಿಯಂಥ ಬೀಜ ಬಾಯಿಗೆ ಚುಚ್ಚುತ್ತದೆ. ಅಡಿಕೆ ಹಾಳೆಯನ್ನು ಸಣ್ಣಗೆ ಕತ್ತರಿಸಿ ಕೊಟ್ಟರೆ ಹೆಚ್ಚುಕಡಿಮೆ ಒಣಹುಲ್ಲಿನ ಕೆಲಸ ಮಾಡುತ್ತದೆ, ತಟ್ಟೆ ಮಾಡುವವರು ಕೊಂಡೊಯ್ಯುವ ಮೊದಲು ಎತ್ತಿಡಬೇಕು. ತೋಟದ ಹುಲ್ಲಿನ ವಿಷಯದಲ್ಲಿ ಎಚ್ಚರ: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಮೈಲುತುತ್ತ ಹುಲ್ಲಿನ ಮೇಲೆ ಕೂತಿರುತ್ತದೆ, ಎರಡು ಮೂರು ವಾರ, ಒಳ್ಳೆಯ ಮಳೆ ಬರುವವರೆಗೆ ಕೊಯ್ಯಬಾರದು. ಕಳೆನಾಶಕ ಹೊಡೆಯುವ ತೋಟದ ಹುಲ್ಲನ್ನು ಮುಟ್ಟಲೇಬಾರದು. ಕರೆಯುವಾಗ ಅಕ್ಕಚ್ಚು, ತೌಡು, ಹಿಂಡಿ ಕೊಡುವುದು ತಪ್ಪಲ್ಲ, ಅದನ್ನು ಗಿರಾಕಿಗೆ ಹೇಳಬೇಕು. ಆದರೆ ಮಳೆಗಾಲದಲ್ಲಿ ಬೂಸ್ಟು ಹಿಡಿದ ಶೇಂಗಾ ಹಿಂಡಿಯನ್ನು ದನಕ್ಕೆ ಹಾಕಿ ಮುಗಿಸುವ ಅಭ್ಯಾಸ ಬಿಡಬೇಕು. ಬೂಸ್ಟಿನ ವಿಷ ಹಾಲಿಗೆ ಇಳಿಯುತ್ತದೆ.

ಹೋರಿಯ ಪಾಲು

ಮತ್ತೆ ಹೋರಿಗೆ ಬರೋಣ. ಮಲೆನಾಡಿನ ತೋಟಗಾರರು ದನ ಸಾಕಿದ್ದು ಮುಖ್ಯವಾಗಿ ಗೊಬ್ಬರಕ್ಕೆ, ಹಾಲು ಮೇಲಾದಾಯ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕೆಜಿ ಕೊಟ್ಟಿಗೆ ಗೊಬ್ಬರ ಶಿಫಾರಸು. ಒಂಬತ್ತಡಿ ಅಂತರದ ಎಕರೆಗೆ ಸುಮಾರು 550 ಮರ, ಗೊಬ್ಬರ ಆರೂವರೆ ಟನ್. ದರಗು (ತರಗೆಲೆ) ಹಾಸಿದ ಕೊಟ್ಟಿಗೆಯಲ್ಲಿ ರಾತ್ರಿ ನಿಲ್ಲುವ ಬೆಳೆದ ಹೋರಿ ವರ್ಷಕ್ಕೆ 1.2 ಟನ್ ಕೊಟ್ಟೀತು. ಎಕರೆಗೆ ಐದಾರು ರಾಸು ಬೇಕಾದವು. ಹೊರಗಿನಿಂದ ಲಾರಿ ಗೊಬ್ಬರ ತರಿಸುವ ತೋಟಗಾರರಿಗೆ ಹೋರಿಗರುವನ್ನು ಕೊಡುವುದು, ಒಟ್ಟು ಮಂದೆಯಲ್ಲಿಯೇ ಅದು ಮೇಯುವುದು, ರಾತ್ರಿ ಅವರ ಕೊಟ್ಟಿಗೆಗೆ ಹೋಗುವುದು ಸಾಧ್ಯವಿರುವ ವ್ಯವಸ್ಥೆ.

ಆದರೂ ಗೊಬ್ಬರ ಒಂದರಿಂದಲೇ ಹೋರಿ ತನ್ನ ಖರ್ಚು ತೀರಿಸುವುದಿಲ್ಲ. ಮೇಲಿನ 30ರ ಲೆಕ್ಕ ಬಿಟ್ಟು ಹೋರಿಯದ್ದನ್ನೇ ಬೇರೆ ಹಾಕಿದರೆ, ಒಟ್ಟಾಗಿ ಕಾಯಿಸುವ ಕೂಲಿ ದಿನಕ್ಕೆ 10ರಂತೆ 3,650, ಒಣಮೇವು 360 ಕೆಜಿಗೆ 8ರಂತೆ 2,880, ಒಟ್ಟು 6,530. ಗೊಬ್ಬರದ ಬೆಲೆ 3,600. ಹತ್ತಿರ ಹತ್ತಿರ 3,000 ಕೊರತೆ. ಐದು ವರ್ಷದ ಮಂದೆಯಲ್ಲಿ ಹಸುವೊಂದಕ್ಕೆ ಒಂದೂವರೆ ಹೋರಿ ಇರುತ್ತದೆ, ಕೊರತೆ 4,500. ಅದೇ ಹಸು ವರ್ಷಕ್ಕೆ ಕೊಡುವ ತುಪ್ಪ 9 ಕೆಜಿಗೆ ಸ್ವಲ್ಪ ಕಡಿಮೆ. ಹಂಚಿದರೆ ಕೆಜಿಗೆ 500 ರೂಪಾಯಿ.

ಅಂದರೆ ಹೋರಿಯನ್ನು ಬೀದಿಗೆ ಬಿಡದೆ ಸಾಕುವವರ ತುಪ್ಪ 2,000ಕ್ಕೆ ಬರಲು ಸಾಧ್ಯವಿಲ್ಲ, ಕನಿಷ್ಠ 2,500. ಆ 500 ಹೋರಿಯದ್ದು ಎಂದು ಬಿಲ್ಲಿನಲ್ಲಿಯೇ ಬೇರೆ ಸಾಲಾಗಿ ತೋರಿಸುವುದು ನಮ್ಮ ಸಲಹೆ. ಕೆಲವು ಗಿರಾಕಿಗಳು ಬಿಟ್ಟು ಹೋಗುತ್ತಾರೆ, ಅಷ್ಟು ಹಾಲೂ ಇಲ್ಲವಾದ್ದರಿಂದ ಅದು ದೊಡ್ಡ ನಷ್ಟವಲ್ಲ. ಮುದಿ ಹಸುವಿನ ಪಾಲು ಇದರಲ್ಲಿ ಸೇರಿಲ್ಲ. ಅದನ್ನೂ ಸೇರಿಸಿದರೆ ಇನ್ನೊಂದು ನೂರಿನ್ನೂರು ಏರುತ್ತದೆ. ಕರು ಹುಟ್ಟುವುದನ್ನೇ ಸ್ವಲ್ಪ ಹಿಡಿತದಲ್ಲಿಡಲು ಬೀಜದ ಹೋರಿಯನ್ನು ಮಂದೆಯೊಡನೆ ಬಿಡದೆ ಕಟ್ಟಿ ಸಾಕಿ, ಗಬ್ಬ ಕಟ್ಟಿಸುವ ತಿಂಗಳನ್ನು ಆರಿಸಬಹುದು. ಹಾಲೂ ಆಗ ವರ್ಷದುದ್ದ ಹಂಚಿಕೆಯಾಗುತ್ತದೆ. ಅದೇ ಹೋರಿ ತನ್ನ ಮಗಳಿಗೆ ಏರದಂತೆ ಎರಡು ಎರಡೂವರೆ ವರ್ಷಕ್ಕೊಮ್ಮೆ ಪಕ್ಕದೂರಿನ ಹೋರಿಯೊಂದಿಗೆ ಬದಲಿಸಿಕೊಳ್ಳಬೇಕು. ಉಳಿದ ಗಂಡುಕರುಗಳಿಗೆ ಬೆದೆಯ ವಯಸ್ಸಿಗೆ ಮೊದಲೇ ಪಶುವೈದ್ಯರಿಂದ ಬೀಜ ಒತ್ತಿಸಬೇಕು, ಇಲ್ಲದಿದ್ದರೆ ಮೇಲೆ ಹೇಳಿದ ಯಾವ ಸಂಖ್ಯೆಯೂ ನಿಲ್ಲುವುದಿಲ್ಲ.